ಎರಡು ಹಾಜರಿಪಟ್ಟಿಗಳ ನಡುವೆ



2025ರ ಮೇ 6ರಂದು ರಕ್ಷಣಾ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಪ್ರಾದೇಶಿಕ ಸೇನೆಯ ನಿಯಮಾವಳಿಯ 33ನೆಯ ನಿಯಮದಂತೆ, ಆ ಸೇನೆಯ ಅಧಿಕಾರಿಗಳನ್ನೂ ಜವಾನರನ್ನೂ ಅಗತ್ಯ ಬಿದ್ದಾಗ ಕರೆಸಿಕೊಳ್ಳುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ಕೊಟ್ಟ ಆದೇಶ ಅದು. ಇರುವ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ಸೇವೆಗೆ ಇಳಿಸಬಹುದು ಎಂದಿತ್ತು. ಆದೇಶದ ಅವಧಿ 2028ರ ಫೆಬ್ರುವರಿ 9ರವರೆಗೆ. ಸುದ್ದಿ ಹೊರಬಿದ್ದದ್ದು ಮೇ 9ರಂದು. ಪಾಕಿಸ್ತಾನದ ವಿರುದ್ಧದ ಆಪರೇಷನ್ ಸಿಂಧೂರದ ದಿನಗಳು ಅವು. ಟಿವಿಯ ತುಂಬ ಕ್ಷಿಪಣಿ, ಡ್ರೋನುಗಳ ಮಾತು. ಈ ಸುದ್ದಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಓಡಿ ಮರೆಯಾಯಿತು. ಬಹುಪಾಲು ಜನ ಅದನ್ನು ಗಮನಿಸಿರಲಾರರು. ಆದರೆ ದೇಶದ ಕೆಲವು ಸಾವಿರ ಮನೆಗಳಲ್ಲಿ ಅದೊಂದೇ ಸಾಲನ್ನು ಮತ್ತೆ ಮತ್ತೆ ಓದಿದ್ದಾರೆ. ಬ್ಯಾಂಕಿನ ಗುಮಾಸ್ತ, ಹೊಲ ಮಾಡುವ ರೈತ, ಕಾಲೇಜಿನ ಮೇಷ್ಟ್ರು, ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್. ಹದಿನಾಲ್ಕರಲ್ಲಿ ನಮ್ಮದೂ ಇದೆಯೇ ಎಂದು ಅವರವರೇ ಫೋನು ಮಾಡಿ ವಿಚಾರಿಸಿಕೊಂಡಿದ್ದಾರೆ.

ಇವತ್ತಿನ ಈ ದತ್ತಿ ಉಪನ್ಯಾಸ ಅವರ ಬಗ್ಗೆ. ಎರಡು ಕಡೆ ಹಾಜರಿ ಹಾಕಬೇಕಾದ ಮನುಷ್ಯರು ಅವರು. ಒಂದು ಕಚೇರಿಯ ಮಸ್ಟರಿನಲ್ಲಿ, ಇನ್ನೊಂದು ಬೆಟಾಲಿಯನ್ನಿನ ಪಟ್ಟಿಯಲ್ಲಿ. ಇಂಥವರನ್ನು ಕಳಿಸಿಕೊಡುವುದು ನಮಗೆ ಕಷ್ಟವಲ್ಲ. ಹಾರ ಹಾಕುತ್ತೇವೆ, ಆರತಿ ಎತ್ತುತ್ತೇವೆ, ನಿಲ್ದಾಣದವರೆಗೆ ಹೋಗಿ ಜೈಕಾರ ಕೂಗುತ್ತೇವೆ. ಅವರು ಮರಳಿ ಬಂದ ಮೇಲೆ ಅವರ ಕುರ್ಚಿ, ಅವರ ಬಡ್ತಿ, ನೆರೆಹೊರೆಯಲ್ಲಿ ಅವರ ಜಾಗ ಹಾಗೇ ಉಳಿದಿರುತ್ತದೆಯೇ ಎಂಬಲ್ಲಿ ನಮ್ಮ ಪರೀಕ್ಷೆ ಇದೆ. ಆ ಪರೀಕ್ಷೆಯಲ್ಲಿ ನಾವು ಅಷ್ಟಾಗಿ ಪಾಸಾಗಿಲ್ಲ ಎಂದು ನನ್ನ ಅಭಿಪ್ರಾಯ.

ಮೊದಲು ಈ ಸೇನೆ ಏನು ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1948ರ ಪ್ರಾದೇಶಿಕ ಸೇನೆ ಕಾಯ್ದೆಯಿಂದ ಹುಟ್ಟಿದ್ದು ಇದು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಉದ್ಘಾಟಿಸಿದರು. ಈಗಲೂ ಅದೇ ದಿನ ಪ್ರಾದೇಶಿಕ ಸೇನಾ ದಿನ. ಟೆರಿಟೋರಿಯಲ್ ಆರ್ಮಿ ಎಂಬ ಇಂಗ್ಲಿಷ್ ಹೆಸರನ್ನು ಮೊಟಕಾಗಿಸಿ ಒಳಗಿನವರು ಇದನ್ನು ಟಿ.ಎ. ಎನ್ನುತ್ತಾರೆ, ಅಲ್ಲಿ ಇರುವವರು ಟೆರಿಯರ್‌ಗಳು. ಸಿಕಂದರಾಬಾದಿನಲ್ಲಿ ಗಾರ್ಡ್ಸ್ ರೆಜಿಮೆಂಟಿಗೆ ಸೇರಿದ 125ನೆಯ ಬೆಟಾಲಿಯನ್ ಇದೆ. ಬೆಂಗಳೂರಿನಲ್ಲಿ 106ನೆಯದು, ಪ್ಯಾರಾ. ಬೆಳಗಾವಿಯಲ್ಲಿ 115ನೆಯದು, ಮಹಾರ್. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಸಿಕ್ಕಿದ್ದು ಟಿ.ಎ.ಯಲ್ಲೇ. ಆತ 2019ರಲ್ಲಿ ಕಾಶ್ಮೀರದಲ್ಲಿ 106ರ ಜೊತೆ ಸುಮಾರು ಎರಡು ವಾರ ಕಳೆದಾಗ ನಮ್ಮ ಹುಡುಗರಿಗೆ ಇಂಥದೊಂದು ಸೇನೆ ಇದೆ ಎಂದು ಗೊತ್ತಾಯಿತು. ಒಳ್ಳೆಯದೇ ಆಯಿತು. ಆದರೆ ಗೌರವ ಹುದ್ದೆ ಬೇರೆ, ಪ್ರತಿವರ್ಷ ರಜೆಗಾಗಿ ಮ್ಯಾನೇಜರರ ಮುಂದೆ ನಿಲ್ಲುವ ಟೆರಿಯರನ ಬದುಕು ಬೇರೆ.

ಅಧಿಕಾರಿಯಾಗಲು ಬೇಕಾದದ್ದು 18ರಿಂದ 42ರೊಳಗಿನ ವಯಸ್ಸು, ಪದವಿ, ಜೊತೆಗೆ ಹೊರಗೊಂದು ಉದ್ಯೋಗ. ಈ ಕೊನೆಯದನ್ನು ಗಮನಿಸಿ. ಸಂಪಾದನೆಗೆ ಬೇರೆ ದಾರಿ ಇದ್ದವರಿಗೆ ಮಾತ್ರ ಈ ಹುದ್ದೆಗೆ ಪ್ರವೇಶ. ಪರೀಕ್ಷೆ, ಆಮೇಲೆ ಸೇನೆಯ ಆಯ್ಕೆ ಮಂಡಳಿಯಾದ ಎಸ್‌ಎಸ್‌ಬಿಯ ಸಂದರ್ಶನ, ವೈದ್ಯಕೀಯ ತಪಾಸಣೆ. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ; ಮೊದಲೆರಡು ವರ್ಷದೊಳಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ಮೂರು ತಿಂಗಳು; ಪ್ರತಿವರ್ಷ ಎರಡು ತಿಂಗಳ ಕ್ಯಾಂಪು. ಉಳಿದ ದಿನಗಳಲ್ಲಿ ಅವರು ನಮ್ಮ ನಿಮ್ಮ ಹಾಗೆ ಬಸ್ಸು ಹತ್ತುವವರು. ಕರೆ ಬಂದು ಸೇವೆಗೆ ಇಳಿದರೆ ಅದನ್ನು ಅವರು ಎಂಬಾಡಿಮೆಂಟ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಖಾಯಂ ಸೈನಿಕನಿಗಿರುವ ಸಂಬಳ, ಶಿಸ್ತು, ಅಪಾಯ ಎಲ್ಲವೂ ಅವರಿಗೂ. 1962, 1965, 1971ರ ಯುದ್ಧಗಳಲ್ಲಿ ಟಿ.ಎ. ಘಟಕಗಳು ಕೆಲಸ ಮಾಡಿವೆ.

ಹೈದರಾಬಾದಿನ ನೆಲದಲ್ಲಿ ನಿಂತು ಬಂದೂಕು ಹಿಡಿದ ಸಾಮಾನ್ಯ ಪ್ರಜೆಯ ಬಗ್ಗೆ ಮಾತನಾಡುವಾಗ ಇತಿಹಾಸ ಅಡ್ಡ ಬರುತ್ತದೆ. ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಬೀದರ, ಕಲಬುರಗಿ, ರಾಯಚೂರಿನಿಂದ ಇಲ್ಲಿಗೆ ಬಂದ ಮನೆಗಳಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಕಾಲದ ನೆನಪು ಇನ್ನೂ ಹಸಿಯಾಗಿದೆ. ಊರು ಬಿಟ್ಟು ಗಡಿಯಾಚೆಯ ಶಿಬಿರಗಳಿಗೆ ಓಡಿದವರು, 1948ರಲ್ಲಿ ಗೋರ್ಟಾ ಹಳ್ಳಿಯ ಹತ್ಯಾಕಾಂಡದಲ್ಲಿ ತಮ್ಮವರನ್ನು ಕಳೆದುಕೊಂಡವರು ನಮ್ಮ ಬಂಧುಬಳಗದಲ್ಲೇ ಇದ್ದಾರೆ. ರಜಾಕಾರರೂ ತಾವಾಗಿ ಮುಂದೆ ಬಂದು ಸೇರಿದವರೇ, ಅಂಗಡಿ, ಕೆಲಸ, ಓದು ಬಿಟ್ಟು ಬಂದ ಯುವಕರೇ. ಅವರ ಕೈಯ ಬಂದೂಕಿಗೆ ಕಾನೂನಿನ ಲಗಾಮು ಇರಲಿಲ್ಲ. ಯಾರನ್ನು ಕೊಂದರೂ ಕೇಳುವ ನ್ಯಾಯಾಲಯ ಇರಲಿಲ್ಲ, ಸಂಜೆಗೆ ಆಯುಧ ವಾಪಸು ಪಡೆಯುವವರೂ ಇರಲಿಲ್ಲ.

ಹೈದರಾಬಾದ್ ಒಕ್ಕೂಟಕ್ಕೆ ಸೇರಿದ ವರ್ಷವೇ ದೆಹಲಿಯಲ್ಲಿ ಪ್ರಾದೇಶಿಕ ಸೇನೆಯ ಕಾಯ್ದೆ ಆದದ್ದನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಈ ಕಾಯ್ದೆಯ ಪ್ರಕಾರ ಸೇವೆಗೆ ಕರೆಸಿಕೊಂಡ ಟೆರಿಯರ್ ಸೇನಾ ಕಾಯ್ದೆಯ ಅಧೀನ. ತಪ್ಪು ಮಾಡಿದರೆ ಕೋರ್ಟ್ ಮಾರ್ಷಲ್. ಕ್ಯಾಂಪಿನಲ್ಲಿ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಬೆಳಿಗ್ಗೆ ಪಿ.ಟಿ. ಮುಗಿದ ಮೇಲೆ ಜವಾನರು ಕೋತ್ ಎಂದು ಕರೆಯುವ ಆಯುಧ ಕೊಠಡಿಯ ಮುಂದೆ ಸಾಲುಗಟ್ಟುತ್ತಾರೆ. ಕಿಟಕಿಯ ಒಳಗಿನಿಂದ ರೈಫಲ್ ಬರುತ್ತದೆ. ಅದರ ಮೈಮೇಲೆ ಕೊರೆದ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು, ರಿಜಿಸ್ಟರಿನಲ್ಲಿ ಅದೇ ಸಂಖ್ಯೆಯ ಎದುರು ಸಹಿ ಹಾಕಬೇಕು. ಸಂಜೆ ಫೈರಿಂಗ್ ರೇಂಜಿನಿಂದ ಬಂದವರು ನಳಿಗೆಗೆ ಚಿಂದಿ ಬಟ್ಟೆ ಎಳೆದು, ಎಣ್ಣೆ ಒರೆಸಿ, ಅದೇ ಕಿಟಕಿಗೆ ವಾಪಸು ಕೊಡುತ್ತಾರೆ. ಹಾರಿಸಿದ ಗುಂಡಿನ ಖಾಲಿ ಕೋಶಗಳನ್ನೂ ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆ ಬಂದರೂ ಕತ್ತಲಾಗುವ ತನಕ ಹುಲ್ಲಿನಲ್ಲಿ ಬಗ್ಗಿ ಹುಡುಕಿಸುತ್ತಾರೆ. ಎರಡು ತಿಂಗಳು ಮುಗಿದ ಮೇಲೆ ಟೆರಿಯರ್ ಊರಿಗೆ ಒಯ್ಯುವುದು ಟ್ರಂಕು, ಹಾಸಿಗೆ ಸುರುಳಿ, ಬಿಸಿಲಿಗೆ ಕಂದಿದ ಮುಖ. ಬಂದೂಕು ಅಲ್ಲೇ ಉಳಿಯುತ್ತದೆ. ಆ ರಿಜಿಸ್ಟರಿನ ಮೇಲೆ ನನಗಿರುವ ಗೌರವ ದೊಡ್ಡದು. 1948ರಲ್ಲಿ ನಮ್ಮ ಹಳ್ಳಿಗಳಿಗೆ ಆ ಭಾಗ್ಯ ಇರಲಿಲ್ಲ.

ಇದಕ್ಕೂ ಹಿಂದಿನ ಚರಿತ್ರೆಯಲ್ಲಿ ನನಗೆ ಹೆಚ್ಚು ರುಚಿ ಇಲ್ಲ. ಬ್ರಿಟಿಷರ ಕಾಲದಲ್ಲೂ ಇಲ್ಲಿ ಅರೆಕಾಲಿಕ ಸೈನಿಕರು ಇದ್ದರು: ಹೈದರಾಬಾದ್ ರೈಫಲ್ಸ್, ನಿಜಾಮ್ ರೈಲ್ವೆಯ ವಾಲಂಟಿಯರ್‌ಗಳು. ನಮ್ಮ ಕಡೆ ಕಾಫಿ ತೋಟದ ದೊರೆಗಳ ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್. 1920ರಲ್ಲಿ ಎರಡು ಕಾಯ್ದೆ ಮಾಡಿದರು. ಬಿಳಿಯರಿಗೂ ಆಂಗ್ಲೋ ಇಂಡಿಯನ್ನರಿಗೂ ಆಕ್ಸಿಲರಿ ಫೋರ್ಸ್, ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್. ಒಂದೇ ಊರಿನ ಇಬ್ಬರು ಒಂದೇ ಕೆಲಸಕ್ಕೆ ಸೇರಬೇಕಾದರೂ ಚರ್ಮದ ಬಣ್ಣ ನೋಡಿ ಬೇರೆ ಸಾಲು. ಆ ಟೆರಿಟೋರಿಯಲ್ ಫೋರ್ಸಿನ ಒಂದು ಕವಲು ವಿಶ್ವವಿದ್ಯಾಲಯಗಳ ಟ್ರೇನಿಂಗ್ ಕೋರ್. ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಮುಂದೆ ಸೇನಾ ಮುಖ್ಯಸ್ಥರಾದವರು, 1930ರ ದಶಕದಲ್ಲಿ ಮದರಾಸಿನಲ್ಲಿ ಅಂಥ ಕೋರಿನ ಅಡ್ಜುಟೆಂಟ್ ಆಗಿ ಕಾಲೇಜು ಹುಡುಗರಿಗೆ ಕವಾಯತು ಕಲಿಸಿದರು. ಸ್ವತಂತ್ರ ಭಾರತ ಆ ಎರಡು ಸಾಲನ್ನು ಅಳಿಸಿ ಒಂದು ಮಾಡಿತು. ಅಷ್ಟು ಹೇಳಿದರೆ ಸಾಕು.

ಹೈದರಾಬಾದಿನ ಕನ್ನಡಿಗರಿಗೆ ಹೆಚ್ಚು ಹತ್ತಿರವಾದ ಕಥೆ ರೈಲ್ವೆಯ ಟಿ.ಎ.ಯದು. ಯಾಕೆ ಎಂದು ಹೇಳಬೇಕು. ದಕ್ಷಿಣ ಮಧ್ಯ ರೈಲ್ವೆ 1966ರ ಅಕ್ಟೋಬರ್ 2ರಂದು ಸಿಕಂದರಾಬಾದನ್ನು ಕೇಂದ್ರ ಮಾಡಿಕೊಂಡು ಆರಂಭವಾಯಿತು. 2003ರಲ್ಲಿ ನೈಋತ್ಯ ರೈಲ್ವೆ ಆಗುವ ತನಕ ಹುಬ್ಬಳ್ಳಿ ವಿಭಾಗ ಇದರ ಕೆಳಗೇ ಇತ್ತು. ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯ ಎಷ್ಟೋ ಸಂಸಾರಗಳು ವರ್ಗವಾಗಿ ಬಂದು ಲಾಲಾಗುಡಾ, ಮೆಟ್ಟುಗುಡಾ, ಚಿಲಕಲಗುಡಾದ ರೈಲ್ವೆ ಕ್ವಾರ್ಟರ್ಸುಗಳಲ್ಲಿ ನೆಲೆ ನಿಂತವು. ಈ ಸಭೆಯ ಅರ್ಧದಷ್ಟು ಮನೆತನಗಳ ಕಥೆ ರೈಲ್ವೆ ಪಾಸಿನಿಂದಲೇ ಶುರುವಾಗುತ್ತದೆ. ಸಿಕಂದರಾಬಾದಿನಲ್ಲಿ ರೈಲ್ವೆ ಎಂಜಿನಿಯರ್ ರೆಜಿಮೆಂಟ್ ಎಂಬ ಟಿ.ಎ. ಘಟಕ ಇತ್ತು. ಅದರಲ್ಲಿ ರೈಲ್ವೆ ನೌಕರರೇ ಸೈನಿಕರು. ಯುದ್ಧವೋ ವಿಪತ್ತೋ ಬಂದು ಮಾಮೂಲು ವ್ಯವಸ್ಥೆ ಕುಸಿದರೂ ಸೇನೆಯ ಸರಕು ಹೊತ್ತ ಗಾಡಿಗಳು ನಿಲ್ಲಬಾರದು ಎಂಬುದು ಅದರ ಉದ್ದೇಶ. ಎಂಜಿನ್ ಓಡಿಸುವವನು, ಹಳಿ ಕೂಡಿಸುವವನು, ಸಿಗ್ನಲ್ ನೋಡುವವನು ತನ್ನ ಕೆಲಸವನ್ನೇ ಸಮವಸ್ತ್ರ ಹಾಕಿಕೊಂಡು ಮಾಡಬೇಕು.

ಹೆಣ್ಣುಮಕ್ಕಳಿಗೆ ಈ ಬಾಗಿಲನ್ನು ತೆರೆದವರೂ ರೈಲ್ವೆಯವರೇ. ಬಂಗಾಳದ ಜಲಪಾಯಿಗುಡಿ ಕಡೆಯ ಶಾಂತಿ ತಿಗ್ಗಾ ಗಂಡ ತೀರಿಕೊಂಡ ಮೇಲೆ ರೈಲ್ವೆ ಕೆಲಸಕ್ಕೆ ಬಂದವರು, ಎರಡು ಮಕ್ಕಳ ತಾಯಿ. 2011ರಲ್ಲಿ ತಮ್ಮ 35ನೆಯ ವಯಸ್ಸಿನಲ್ಲಿ 969ನೆಯ ರೈಲ್ವೆ ಎಂಜಿನಿಯರ್ ರೆಜಿಮೆಂಟಿಗೆ ಸೇರಿ ಭಾರತೀಯ ಸೇನೆಯ ಮೊದಲ ಮಹಿಳಾ ಜವಾನರೆನಿಸಿಕೊಂಡರು. ಗುರಿ ಹೊಡೆಯುವುದರಲ್ಲಿ ಗಂಡಸರನ್ನು ಮೀರಿಸಿದ್ದರು.

ಈಗ 1974. ನಾನು ಈ ವಿಷಯ ಆರಿಸಿಕೊಂಡದ್ದೇ ಈ ಭಾಗಕ್ಕಾಗಿ. ಆ ವರ್ಷದ ಮೇ 8ರಂದು ದೇಶದಾದ್ಯಂತ ರೈಲ್ವೆ ಮುಷ್ಕರ ಶುರುವಾಯಿತು. ಸುಮಾರು 17 ಲಕ್ಷ ನೌಕರರು; ಇಪ್ಪತ್ತು ದಿನ. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಕೆಲಸದ ಗಂಟೆ, ಬೋನಸ್, ಸಂಬಳದ ಬೇಡಿಕೆಗಳು ನ್ಯಾಯವಾದವು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು, ಕೆಲಸದಿಂದ ತೆಗೆಯಿತು, ಕ್ವಾರ್ಟರ್ಸುಗಳಿಂದ ಹೊರಹಾಕಿತು. ಅದರ ಜೊತೆಗೆ ರೈಲ್ವೆಯ ಟಿ.ಎ. ಘಟಕಗಳಿಗೆ ಕರೆ ಕಳಿಸಿತು.

ಒಬ್ಬ ಫಿಟ್ಟರನ ಸ್ಥಿತಿ ಊಹಿಸಿ. ಅವನ ಒಂದು ಕಿಸೆಯಲ್ಲಿ ಯೂನಿಯನ್ನಿನ ರಸೀದಿ, ಇನ್ನೊಂದರಲ್ಲಿ ಟಿ.ಎ. ಗುರುತಿನ ಚೀಟಿ. ಪಕ್ಕದ ಮನೆಯವನು ಮುಷ್ಕರದಲ್ಲಿ, ಇವನಿಗೆ ಸೇನೆಯ ಕರೆ. ಹೋಗದಿದ್ದರೆ ಇವನ ಮೇಲೆ ಸೇನೆಯ ಕಾನೂನು. ಹೋದರೆ ತನ್ನವರ ಹೋರಾಟವನ್ನೇ ಮುರಿಯಲು ಗಾಡಿ ಓಡಿಸಬೇಕು. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಆ ದಿನಗಳ ಬಗ್ಗೆ ನನಗೆ ಹೇಳಿದ ಮಾತು ಹೀಗಿತ್ತು: "ಕಾಲ್ ಬಂತು, ಹೋಗಾಕಬೇಕಾತು. ಹೋಗೂದು ಸುಮಾರಿತ್ರಿ, ತಿರುಗಿ ಬಂದಮ್ಯಾಲೆ ನೋಡ್ರಿ. ಮುಂಜಾನೆ ನಳದಾಗ ನೀರು ಹಿಡಿಯೂಮುಂದ ನಮ್ಮಾಕಿ ಜೋಡಿ ಒಬ್ರೂ ಮಾತಾಡ್ಲಿಲ್ಲ. ನಾಗರಪಂಚಮಿಗೆ ಉಂಡಿ ಕೊಟ್ಟುಕಳಿಸಿದ್ರ ಡಬ್ಬಿ ಹಂಗ ವಾಪಸ್ ಬಂತು." ಇಷ್ಟು ಹೇಳಿ ಅವರು ಬೇರೆ ವಿಷಯ ತೆಗೆದರು. ನಾನು ಕೆದಕಲಿಲ್ಲ.

ಈ ಹಿರಿಯರದು ತಪ್ಪೆಂದು ಹೇಳುವವರ ಜೊತೆ ನಾನಿಲ್ಲ. ನೀರಿನ ನಳದ ಬಳಿ ಮುಖ ತಿರುಗಿಸಿದವರದು ತಪ್ಪೆಂದೂ ಹೇಳಲಾರೆ. ಅವರ ಮನೆಯ ಗಂಡಸರು ಜೈಲಿನಲ್ಲಿದ್ದರು, ಒಲೆ ಉರಿಸಲು ಕಾಸಿರಲಿಲ್ಲ. ತಪ್ಪು ಕರೆದವರದು. ದೇಶಕ್ಕೆ ಆಪತ್ತು ಬಂದರೆ ಬರುತ್ತೇನೆ ಎಂದು ಒಬ್ಬ ದುಡಿಯುವ ಮನುಷ್ಯ ಮಾತು ಕೊಟ್ಟಿರುತ್ತಾನೆ. ಆ ಮಾತನ್ನು ಅವನ ಓಣಿಯವರ ವಿರುದ್ಧ ಬಳಸಿದರೆ ಮರಳಿ ಹೋಗಲು ಅವನಿಗೆ ಓಣಿಯೇ ಉಳಿಯುವುದಿಲ್ಲ. ಖಾಯಂ ಸೈನಿಕನಿಗೆ ಬ್ಯಾರಕ್ ಇದೆ, ರೆಜಿಮೆಂಟ್ ಇದೆ. ಟೆರಿಯರನಿಗೆ ಇರುವುದು ಅದೊಂದೇ ಓಣಿ. ಮುಂದೆ ಇದೇ ಜಾರ್ಜ್ ಫರ್ನಾಂಡಿಸ್ 1989ರಲ್ಲಿ ರೈಲ್ವೆ ಮಂತ್ರಿಯಾದರು, 1998ರಲ್ಲಿ ರಕ್ಷಣಾ ಮಂತ್ರಿಯೂ ಆದರು. ಅವರ ಮುಷ್ಕರದ ವಿರುದ್ಧ ಕರೆಸಿದ ಆ ಸೇನೆ ಆಗ ಅವರದೇ ಇಲಾಖೆಗೆ ಸೇರಿತ್ತು.

ಇನ್ನು ಕಾನೂನಿನ ಮಾತು. ಕಾಯ್ದೆಯ 7ಎ ಕಲಂ ಸ್ಪಷ್ಟವಾಗಿದೆ: ಟಿ.ಎ. ಸೇವೆಗೆ ಹೋಗುವವನಿಗೆ ಮಾಲೀಕ ರಜೆ ಕೊಡಬೇಕು, ಮರಳಿ ಬಂದಾಗ ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಒಪ್ಪದಿದ್ದರೆ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಪರಿಹಾರ ಹೆಚ್ಚೆಂದರೆ ಆರು ತಿಂಗಳ ಸಂಬಳ. 7ಬಿ ಕಲಂ ಭವಿಷ್ಯನಿಧಿಯಂಥ ಹಕ್ಕುಗಳನ್ನು ಕಾಪಾಡುತ್ತದೆ. ಸರ್ಕಾರಿ ಇಲಾಖೆಗಳಲ್ಲಿ ಇದು ಒಂದು ಮಟ್ಟಿಗೆ ನಡೆಯುತ್ತದೆ. ಖಾಸಗಿಯಲ್ಲಿ ಕಾಗದದ ಮೇಲಿನ ರಕ್ಷಣೆ ಸಾಲದು. ಕೆಲಸ ಹೋಗುವುದಿಲ್ಲ, ನಿಜ. ಆದರೆ ಎರಡು ತಿಂಗಳು ಇಲ್ಲದವನಿಗೆ ದೊಡ್ಡ ಪ್ರಾಜೆಕ್ಟ್ ಯಾಕೆ ಕೊಡಬೇಕು ಎಂದು ತಂಡದ ಮುಖ್ಯಸ್ಥ ಯೋಚಿಸುತ್ತಾನೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಒಂದು ಅಂಕ ಕಡಿಮೆಯಾಗುತ್ತದೆ. ಇದಕ್ಕೆ ದೂರು ಕೊಡಲು ಯಾವ ಕಲಮೂ ಇಲ್ಲ. ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲ ಕಡೆಯೂ ಹೀಗಿಲ್ಲ; ಸಿಂಗಪುರದ ಕನ್ನಡ ಸಂಸಾರಗಳನ್ನು ಕೇಳಿ ನೋಡಿ. ಅಲ್ಲಿನ ಪೌರತ್ವ ಪಡೆದ ಮನೆಗಳ ಗಂಡುಮಕ್ಕಳು ಎರಡು ವರ್ಷ ರಾಷ್ಟ್ರೀಯ ಸೇವೆ ಮಾಡಲೇಬೇಕು. ಆಮೇಲೆ ಹಲವು ವರ್ಷ, ವರ್ಷಕ್ಕೆ ಗರಿಷ್ಠ 40 ದಿನದವರೆಗೆ ಮೀಸಲು ಸೇವೆಗೆ ಕರೆಯಬಹುದು. ಆ ದಿನಗಳ ಕಚೇರಿ ಸಂಬಳದ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಅಲ್ಲಿನ ಪ್ರಜೆಗಳಾದ ಗಂಡಸರೆಲ್ಲ ಹೋಗುವುದರಿಂದ ಹೋದವನು ಹಿಂದೆ ಬೀಳುವುದಿಲ್ಲ. ಮ್ಯಾನೇಜರನೂ ಕಳೆದ ತಿಂಗಳು ಹೋಗಿ ಬಂದವನೇ. ನಾವು ಕಡ್ಡಾಯ ಸೇವೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಇಷ್ಟು ದೊಡ್ಡ ದೇಶಕ್ಕೆ ಅದು ಬೇಡ, ಇಲ್ಲಿ ಸೈನ್ಯಕ್ಕೆ ಸೇರುವವರ ಬರವೂ ಇಲ್ಲ. ಸ್ವಇಚ್ಛೆಯಿಂದ ಹೋಗುವವನ ನಷ್ಟವನ್ನು ಅವನೊಬ್ಬನ ತಲೆಗೆ ಕಟ್ಟಬಾರದು ಎಂಬುದಷ್ಟೇ ನನ್ನ ಮಾತು.

ಸೇರುವವರ ಬರವಿಲ್ಲ ಎಂದೆ. 2024ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಟಿ.ಎ. ಭರ್ತಿ ರ‍್ಯಾಲಿ ನಡೆಯಿತು. ಕರ್ನಾಟಕ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದ ಸಾವಿರಾರು ಹುಡುಗರು ಬಂದರು. ಬೆಳಗಾವಿಯ ಚಳಿಯಲ್ಲಿ ರಸ್ತೆ ಬದಿಯಲ್ಲೇ ಮಲಗಿದರು. ಹುದ್ದೆಗಳೋ ಕೆಲವೇ ನೂರು. ಟಿ.ಎ. ಪೂರ್ಣಾವಧಿಯ ಜೀವನೋಪಾಯ ಅಲ್ಲ ಎಂದು ಸೇನೆ ತನ್ನ ಪ್ರಕಟಣೆಗಳಲ್ಲೇ ಹೇಳುತ್ತದೆ. ಆ ಹುಡುಗರು ಬಂದದ್ದು ಜೀವನೋಪಾಯ ಹುಡುಕಿಕೊಂಡೇ. ಉದ್ಯೋಗವಿದ್ದವನ ಬಿಡುವಿನ ಸೇವೆ ಎಂದು ಕಟ್ಟಿದ ಸಂಸ್ಥೆಯ ಬಾಗಿಲಲ್ಲಿ ಇಂದು ಉದ್ಯೋಗವಿಲ್ಲದವರು ನಿಂತಿದ್ದಾರೆ. ವರ್ಷಾನುಗಟ್ಟಲೆ ಸೇವೆಗೆ ಇಳಿಸಿದ ಬೆಟಾಲಿಯನ್‌ಗಳಲ್ಲಿ ಅವರಿಗೆ ಸಂಬಳ ಸಿಗುತ್ತದೆ. ಆದರೆ ಜವಾನನಿಗೆ ಪಿಂಚಣಿ ಬರಬೇಕಾದರೆ ಎಂಬಾಡಿಮೆಂಟಿನ ದಿನಗಳು ಕೂಡಿ 15 ವರ್ಷ ಆಗಬೇಕು. ಅಷ್ಟರೊಳಗೆ ಮನೆಗೆ ಕಳಿಸಿದರೆ ಅವನಿಗೆ ಮರಳಲು ಮಸ್ಟರೇ ಇಲ್ಲ, ಏಕೆಂದರೆ ಮೊದಲೂ ಇರಲಿಲ್ಲ. 7ಎ ಕಲಂ ಅವನ ಪಾಲಿಗೆ ಸತ್ತ ಅಕ್ಷರ. ಕಾಯ್ದೆ ಬರೆದವರ ಕಣ್ಣಿಗೆ ಈ ಹುಡುಗ ಬಿದ್ದಿರಲಿಲ್ಲ. ಇಂದಿನವರ ಕಣ್ಣಿಗೆ ಬೀಳಲೇಬೇಕು. ಅವನಿಗೆ ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಸೇವೆಯ ವರ್ಷಗಳ ಲೆಕ್ಕ ಸಿಗಬೇಕು, ಕ್ಯಾಂಪಿನಲ್ಲಿ ಕಲಿತ ಚಾಲನೆ, ವೈರ್‌ಲೆಸ್, ಪ್ರಥಮ ಚಿಕಿತ್ಸೆಗೆ ಹೊರಗೆ ಬೆಲೆ ಬರುವ ಪ್ರಮಾಣಪತ್ರ ಸಿಗಬೇಕು.

ಮತ್ತೆ ರೈಲ್ವೆಯ ಟಿ.ಎ.ಗೆ ಬರುತ್ತೇನೆ. 2021ರ ಸೆಪ್ಟೆಂಬರಿನಲ್ಲಿ ರೈಲ್ವೆ ಮಂಡಳಿ ಒಂದು ಆದೇಶ ಹೊರಡಿಸಿತು. ಈಶಾನ್ಯಕ್ಕೆ ಹೋಗುವ ಸಿಲಿಗುರಿ ಹಾದಿಯ 361 ಕಿಲೋಮೀಟರಿಗೆ ಜಮಾಲ್‌ಪುರದ ಒಂದು ರೆಜಿಮೆಂಟ್ ಸಾಕು. ಝಾನ್ಸಿ, ಕೋಟಾ, ಆದ್ರಾ, ಚಂಡೀಗಢ, ಸಿಕಂದರಾಬಾದ್ ಈ ಉಳಿದ ಐದನ್ನು ವಿಸರ್ಜಿಸಬೇಕು ಎಂದು. ಸೇನೆಯ ಅಗತ್ಯಗಳನ್ನು ತೂಗಿ ಮಾಡಿದ ತೀರ್ಮಾನ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಮ್ಮೂರಿನ ರೆಜಿಮೆಂಟಿನಲ್ಲಿ ದುಡಿದ ಕನ್ನಡದ ಲೋಕೊ ಪೈಲಟ್‌ಗಳು, ಫಿಟ್ಟರುಗಳು, ಗ್ಯಾಂಗ್‌ಮನ್ನುಗಳು ಏನು ಮಾಡಿದರು, ಏನು ಅನುಭವಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟ ಒಂದು ಪುಸ್ತಕವನ್ನೂ ನಾನು ನೋಡಿಲ್ಲ. 1974ರಲ್ಲಿ 25 ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಮುಷ್ಕರ ಮಾಡಿ ಜೈಲಿಗೆ ಹೋದವರೂ ಅದೇ ವಯಸ್ಸಿನವರು. ಎರಡೂ ಕಡೆಯವರು ಇನ್ನೂ ಈ ಊರಿನಲ್ಲಿದ್ದಾರೆ. ಕೆಲವರು ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೇಲೆ ಕೆಳಗೆ ಇದ್ದಾರೆ.

ಆದ್ದರಿಂದ ಈ ದತ್ತಿಯ ಸಮಿತಿಯವರಲ್ಲಿ ನನ್ನದೊಂದು ಕೇಳಿಕೆ. ಉಪನ್ಯಾಸಕನಿಗೆಂದು ಇಟ್ಟಿರುವ ಸಂಭಾವನೆಯನ್ನು ನಾನು ತೆಗೆದುಕೊಳ್ಳುವುದಿಲ್ಲ. ಅದರಿಂದ ಒಂದು ಒಳ್ಳೆಯ ಧ್ವನಿಮುದ್ರಣ ಯಂತ್ರ ಕೊಳ್ಳಿ, ಕನ್ನಡ ಓದುವ ಇಬ್ಬರು ವಿದ್ಯಾರ್ಥಿಗಳನ್ನು ಲಾಲಾಗುಡಾಕ್ಕೂ ಮೆಟ್ಟುಗುಡಾಕ್ಕೂ ಕಳಿಸಿ. ಟಿ.ಎ.ಗೆ ಹೋದವರ ಮಾತನ್ನೂ, ಹೋದವರ ಮನೆಯ ಡಬ್ಬಿ ವಾಪಸು ಕಳಿಸಿದವರ ಮಾತನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳಲಿ. ಹೆಸರು ಬೇಡ ಎಂದವರ ಹೆಸರು ಬಿಟ್ಟು, ಅವರು ಆಡಿದ ಹುಬ್ಬಳ್ಳಿ ಕನ್ನಡವನ್ನು ತಿದ್ದದೆ, ಮುಂದಿನ ವರ್ಷದ ಉಪನ್ಯಾಸದ ಹೊತ್ತಿಗೆ ಅಚ್ಚು ಹಾಕಿಸಿ. ನನಗೆ ಗೊತ್ತಿರುವ ಮನೆಗಳ ವಿಳಾಸವನ್ನು ಅವರವರ ಒಪ್ಪಿಗೆ ಕೇಳಿ ನಾಳೆಯೇ ಕೊಡುತ್ತೇನೆ.